ಕೆಳಗೆ ಬಿಲ್ ಕಟ್ಟುತ್ತೇನೆ, ಮೇಲೆ ಸೊನ್ನೆ. ಹಳೇ ಫ್ಯಾನ್ ಯಾಕೆ ಬದಲಿಸಲಿ?

ಕೌಲ್‌ಬಜಾರ್ ಜೀನ್ಸ್ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿದ್ದ ವಿಷಯ, ಇವತ್ತು ಬರೆದೇ ಬಿಡುತ್ತೇನೆ.

ನಮ್ಮದು ಒಂದೇ ಕಟ್ಟಡ, ಎರಡು ಮೀಟರ್. ಕೆಳಗೆ ಹತ್ತು ಮಷೀನು ಹಾಕಿಕೊಂಡು ಜೀನ್ಸ್ ಹೊಲಿಗೆಯ ಜಾಬ್‌ವರ್ಕ್ ಮಾಡುತ್ತೇವೆ. ಮೇಲೆ ಮನೆ. ಕೆಳಗಿನ ಕರೆಂಟಿಗೆ ಪೈಸೆ ಪೈಸೆ ಕಟ್ಟುತ್ತೇನೆ. ಮೇಲಿನದು ಗೃಹಜ್ಯೋತಿ, ಸರ್ಕಾರವೇ ಕಟ್ಟುವ ಬಿಲ್.

ಎರಡು ವರ್ಷದ ಹಿಂದಿನ ತನಕ ಎಲ್ಲ ಮಷೀನಿಗೂ ಕ್ಲಚ್ ಮೋಟರ್ ಇತ್ತು. ಟೇಬಲ್ ಕೆಳಗೆ ನೇತಾಡುವ ಕಪ್ಪು ಮೋಟರ್, ನಮ್ಮ ಓಣಿಯವರಿಗೆ ಹೇಳಬೇಕಾಗಿಲ್ಲ. ಸ್ವಿಚ್ ಹಾಕಿದರೆ ಮುಗೀತು, ಟೈಲರ್ ಹೊಲಿದರೂ ತಿರುಗುತ್ತದೆ, ಹೊಲಿಯದಿದ್ದರೂ ತಿರುಗುತ್ತದೆ. ದಾರ ಕತ್ತರಿಸುವಾಗ, ಬಂಡಲ್ ಬಿಚ್ಚುವಾಗ, ಬಾಬಿನ್ ತುಂಬುವಾಗ, ಚಹಾ ಕುಡಿಯುವಾಗ, ಫೋನ್ ನೋಡುವಾಗ ಗೂಂ ಅಂತ ಓಡುತ್ತಲೇ ಇರುತ್ತದೆ. ಒಂದು ದಿನ ಸುಮ್ನೆ ಕೂತು ಗಡಿಯಾರ ನೋಡಿದೆ. ಒಂದು ಗಂಟೆಯಲ್ಲಿ ಸೂಜಿ ನಿಜವಾಗಿ ಓಡಿದ್ದು ಇಪ್ಪತ್ತು ನಿಮಿಷವೂ ಇಲ್ಲ. ಉಳಿದ ನಲವತ್ತು ನಿಮಿಷ ಮೋಟರ್ ಗಾಳಿಗೆ ತಿರುಗಿದೆ.

ಚೀಟಿ ಎತ್ತಿ ಸರ್ವೋ ಮೋಟರ್ ಹಾಕಿಸಿದೆ. ಮೊದಲು ಐದು, ಆರು ತಿಂಗಳಾದ ಮೇಲೆ ಇನ್ನೈದು. ಒಂದೊಂದಕ್ಕೆ ನಾಲ್ಕು ಸಾವಿರದ ಹತ್ತಿರ ಬಿತ್ತು. ಪೆಡಲ್ ಒತ್ತಿದರೆ ಮಾತ್ರ ಕರೆಂಟ್ ಎಳೆಯುತ್ತದೆ. ಮೊದಲ ವಾರ ಹಳೇ ಟೈಲರ್‌ಗಳು ಬೈದರು. "ಸದ್ದೇ ಇಲ್ಲ, ಮಷೀನ್ ಸತ್ತಿದೆಯೋ ಬದುಕಿದೆಯೋ ಗೊತ್ತಾಗಲ್ಲ" ಅಂದರು. ಈಗ ಅವರೇ ಕಾಲಿಗೆ ಹಾಯಾಗಿದೆ ಅನ್ನುತ್ತಾರೆ. ತಿಂಗಳಿಗೆ 780 ಯೂನಿಟ್ ಬರುತ್ತಿದ್ದದ್ದು 440ಕ್ಕೆ ಇಳಿಯಿತು. ಎರಡು ಸಾವಿರದ ಆಸುಪಾಸು ಉಳಿತಾಯ.

ಈಗ ಮೇಲಿನ ಕಥೆ ಕೇಳಿ. ಅಪ್ಪ ಇದ್ದಾಗ ಹಾಕಿಸಿದ ಮೂರು ಫ್ಯಾನ್, ಇಪ್ಪತ್ತು ವರ್ಷ ದಾಟಿವೆ. ಒಂದೊಂದು 75 ವ್ಯಾಟ್. ಒಂದಕ್ಕೆ ಹಳೇ ಕಾಲದ ಡಬ್ಬಿ ರೆಗ್ಯುಲೇಟರ್, ಮುಟ್ಟಿದರೆ ಬಿಸಿ. ಬದಲಿಸಿದ್ದೇನಾ? ಇಲ್ಲ. ಯಾಕೆ ಬದಲಿಸಲಿ, ಬಿಲ್ ಸೊನ್ನೆ ಅಲ್ವಾ!

ಅದೇ ಮನುಷ್ಯ, ಅದೇ ಕಟ್ಟಡ. ಕೆಳಗೆ ಜಾಣ, ಮೆಟ್ಟಿಲು ಹತ್ತಿದರೆ ದಡ್ಡ. ನನ್ನ ಪ್ರಶ್ನೆ ಇಷ್ಟೇ. ಸರ್ಕಾರ ನಮ್ಮ ಬಿಲ್ ಕಟ್ಟುವ ದುಡ್ಡಿನಲ್ಲಿ ಒಂದು ಭಾಗ ಫ್ಯಾನಿಗೇ ಹಾಕಿದ್ದರೆ ಒಳ್ಳೇದಿತ್ತಲ್ಲವಾ?

ಶಕ್ತಿನಗರ ಬೂದಿ (ರಾಯಚೂರು)

ಅಣ್ಣಾ, ಸರಿಯಾದ ಜಾಗಕ್ಕೆ ಕೈ ಹಾಕಿದ್ದೀರಿ. ನಾನು ಆರ್‌ಟಿಪಿಎಸ್ (ರಾಯಚೂರು ಥರ್ಮಲ್ ಸ್ಟೇಷನ್) ಚಿಮಣಿ ನೋಡುತ್ತಾ ಬೆಳೆದವನು. 1985ರಲ್ಲಿ ಮೊದಲ ಘಟಕ ಶುರುವಾಯಿತು, ಈಗ ಒಟ್ಟು 1720 ಮೆಗಾವ್ಯಾಟ್. ನಿಮ್ಮ ಕುಡತಿನಿಯಲ್ಲಿ 1700, ನಮ್ಮ ಯರಮರಸ್‌ನಲ್ಲಿ 1600. ರಾಜ್ಯ ಸರ್ಕಾರದ ಕಲ್ಲಿದ್ದಲು ಒಲೆಗಳೆಲ್ಲ ನಮ್ಮ ಎರಡು ಜಿಲ್ಲೆಯಲ್ಲೇ. ಒಂದು ಯೂನಿಟ್ ಕರೆಂಟಿಗೆ ಹತ್ತಿರ ಹತ್ತಿರ ಮುಕ್ಕಾಲು ಕೆಜಿ ಕಲ್ಲಿದ್ದಲು ಬೇಕು. ಅದರಲ್ಲಿ ಮೂರನೇ ಒಂದು ಪಾಲು ಬೂದಿಯೇ. ನಿಮ್ಮ ಮೋಟರ್ ಗಾಳಿಗೆ ತಿರುಗಿದಾಗ ಬಿಲ್ ನಿಮಗೆ, ಬೂದಿ ನಮ್ಮ ಒಣಹಾಕಿದ ಬಟ್ಟೆಗೆ.

ಮಸ್ಕಿ ಅಕ್ಕ

ಸೊನ್ನೆ ಬಿಲ್ ಬಗ್ಗೆ ಹಗುರವಾಗಿ ಮಾತಾಡಬೇಡಿ ದಯವಿಟ್ಟು. ನಮ್ಮ ಅವ್ವನದು ತಗಡಿನ ಮನೆ. ಮೊದಲು ಭಾಗ್ಯಜ್ಯೋತಿ ಇತ್ತು, ಬಡವರ ಮನೆಗೆ ಸ್ವಲ್ಪ ಕರೆಂಟ್ ಪುಕ್ಕಟೆ. ಆಗ ಫ್ಯಾನ್ ಇತ್ತು, ಆದರೆ ಮಲಗುವಾಗ ಹಾಕಿ ನಿದ್ದೆ ಬಂದ ಮೇಲೆ ಎದ್ದು ಆರಿಸುತ್ತಿದ್ದಳು. ಮೇ ತಿಂಗಳಲ್ಲಿ, ಮಸ್ಕಿಯಲ್ಲಿ! ಬಿಲ್ ಜಾಸ್ತಿ ಬಂದರೆ ಫ್ಯೂಸ್ ಕಿತ್ತುಕೊಂಡು ಹೋಗುತ್ತಾರೆ ಅನ್ನೋ ಭಯ. 2023ರ ಆಗಸ್ಟ್‌ನಲ್ಲಿ ಸೊನ್ನೆ ಬಿಲ್ ಬಂದ ಮೇಲೂ ನಂಬಲು ಆರು ತಿಂಗಳು ಬೇಕಾಯಿತು. ಈಗ ರಾತ್ರಿ ಪೂರ್ತಿ ಫ್ಯಾನ್ ಹಾಕಿ ಮಲಗುತ್ತಾಳೆ. ಅದನ್ನು ದಂಡದ ಖರ್ಚು ಅನ್ನುತ್ತೀರಾ?

ಕೌಲ್‌ಬಜಾರ್ ಜೀನ್ಸ್ (ಬಳ್ಳಾರಿ)

ಇಲ್ಲ ಅಕ್ಕಾ, ಅವ್ವನ ಫ್ಯಾನ್ ಆರಿಸಿ ಅಂತ ನಾನು ಹೇಳಲೇ ಇಲ್ಲ. ಅದೇ ಗಾಳಿ ಅರ್ಧಕ್ಕಿಂತ ಕಮ್ಮಿ ಕರೆಂಟಿನಲ್ಲಿ ಬರುವ ಫ್ಯಾನ್ ಅವ್ವನ ಮನೆಗೆ ಯಾಕೆ ಬರಲಿಲ್ಲ ಅನ್ನೋದು ನನ್ನ ಮಾತು. ಬರೆದ ರೀತಿ ತಪ್ಪಾಗಿದ್ದರೆ ಕ್ಷಮಿಸಿ.

ವೈರ್‌ಮನ್ (ಕೊಪ್ಪಳ)

ಫ್ಯಾನಿನ ಲೆಕ್ಕ ನನಗೆ ಬಿಡಿ, ಇಪ್ಪತ್ತೆರಡು ವರ್ಷದಿಂದ ಅದನ್ನೇ ತೂಗುಹಾಕುತ್ತಿದ್ದೇನೆ.

ಹಳೇ ಫ್ಯಾನ್ 75 ವ್ಯಾಟ್. ನಮ್ಮ ಕಡೆ ಬೇಸಿಗೆಯಲ್ಲಿ ದಿನಕ್ಕೆ 18 ಗಂಟೆ ಓಡುತ್ತದೆ. ತಿಂಗಳಿಗೆ 40 ಯೂನಿಟ್. ಬಿಎಲ್‌ಡಿಸಿ ಅನ್ನೋ ಕಮ್ಮಿ ಕರೆಂಟಿನ ಹೊಸ ಫ್ಯಾನ್ 28ರಿಂದ 35 ವ್ಯಾಟ್, 30 ಅಂತ ಹಿಡಿಯಿರಿ, 16 ಯೂನಿಟ್. ಒಂದು ಫ್ಯಾನಿಗೆ ತಿಂಗಳಿಗೆ 24 ಯೂನಿಟ್ ಉಳಿಯಿತು. 2024ರಲ್ಲಿ ಮನೆ ಕರೆಂಟಿನ ದರ ಯೂನಿಟ್‌ಗೆ 5 ರೂಪಾಯಿ 90 ಪೈಸೆ ಆಯಿತು, ಆ ಲೆಕ್ಕದಲ್ಲಿ 140 ರೂಪಾಯಿ. ದುಡ್ಡು ಕಟ್ಟುವವನಿಗೆ ಇದು ಲಾಭ. ಸೊನ್ನೆ ಬಿಲ್‌ನವನಿಗೆ ಏನೂ ಇಲ್ಲ.

ಆದರೆ ಒಂದು ತಪ್ಪು ತಿಳಿವಳಿಕೆ ಇದೆ. ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಲ್ಲ. 2022-23ರಲ್ಲಿ ನೀವು ಬಳಸಿದ ಸರಾಸರಿ, ಅದರ ಮೇಲೆ ಶೇ. 10. ಸರಾಸರಿ 48 ಯೂನಿಟ್‌ಗಿಂತ ಕಮ್ಮಿ ಇದ್ದವರಿಗೆ ಶೇ. 10 ಅಂದರೆ ನಾಲ್ಕೈದು ಯೂನಿಟ್ ಮಾತ್ರ ಆಗುತ್ತಿತ್ತು, 2024ರ ಜನವರಿಯಲ್ಲಿ ಅದನ್ನು 10 ಯೂನಿಟ್ ಮಾಡಿದರು. ಮಿತಿ ದಾಟಿದರೆ ದಾಟಿದಷ್ಟಕ್ಕೆ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಏಪ್ರಿಲ್, ಮೇನಲ್ಲಿ ಕೂಲರ್ ಹಾಕಿ 205, 210ಕ್ಕೆ ಹೋಗಿ ಬಾಯಿ ಬಾಯಿ ಬಡಿದುಕೊಳ್ಳುವವರನ್ನು ಪ್ರತಿ ವರ್ಷ ನೋಡುತ್ತೇನೆ. ಅಂಥ ಮನೆಗೆ ಎರಡು ಬಿಎಲ್‌ಡಿಸಿ ಫ್ಯಾನ್ ಹಾಕಿದರೆ 48 ಯೂನಿಟ್ ಇಳಿಯುತ್ತದೆ, ಬಿಲ್ ಸಾವಿರದಿಂದ ನೂರು ಇನ್ನೂರಕ್ಕೋ ಸೊನ್ನೆಗೋ ಬರುತ್ತದೆ. ಸೊನ್ನೆ ಬಿಲ್ ಕಾಲದಲ್ಲೂ ಫ್ಯಾನ್ ದುಡ್ಡು ವಾಪಸ್ ಬರುವ ಮನೆ ಅಂದರೆ ಇವೇ.

ಇನ್ನೊಂದು ಲಾಭ ಯಾರೂ ಹೇಳಲ್ಲ. ಕರೆಂಟ್ ಹೋದಾಗ ಯುಪಿಎಸ್ ಮೇಲೆ ಎರಡು ಪಟ್ಟು ಹೊತ್ತು ಓಡುತ್ತದೆ. ನನ್ನ ಗಿರಾಕಿಗಳು ಬಿಎಲ್‌ಡಿಸಿ ತಗೊಳ್ಳೋದೇ ಇದಕ್ಕೆ, ಬಿಲ್‌ಗೆ ಅಲ್ಲ.

ಕೆಟ್ಟದ್ದನ್ನೂ ಹೇಳಬೇಕು. ಹಳೇ ಫ್ಯಾನಿಗೆ ಏನಾದರೆ ಕಂಡೆನ್ಸರ್ ಬದಲಿಸಿದರೆ ಮುಗೀತು, ನೂರು ರೂಪಾಯಿ ಒಳಗೆ. ಬಿಎಲ್‌ಡಿಸಿ ಒಳಗೆ ಒಂದು ಬೋರ್ಡ್ ಇದೆ. ಹಳ್ಳಿಯಲ್ಲಿ ವೋಲ್ಟೇಜ್ ಏರಿಳಿದರೆ ಮೊದಲು ಸುಡುವುದು ಅದೇ. ರಿಪೇರಿ ಮಾಡುವವರು ತಾಲೂಕಿಗೆ ಒಬ್ಬರು ಸಿಕ್ಕರೆ ಪುಣ್ಯ. ವಾರಂಟಿ ಕಾರ್ಡ್ ಒಲೆ ಹಚ್ಚಲು ಬಳಸಬೇಡಿ, ಅಷ್ಟೇ.

ಹಾಂ, ಹಳೇ ರೆಗ್ಯುಲೇಟರ್ ಜೊತೆ ಬಿಎಲ್‌ಡಿಸಿ ಹಾಕಬೇಡಿ. ತೆಗೆದು ನೇರ ಲೈನ್ ಕೊಡಿ.

ಹೊಸಪೇಟೆ ರಸ್ತೆ

ಎಲ್ಲ ಸರ್ಕಾರದ ನಾಟಕ. ಹಗಲು ಹನ್ನೆರಡಕ್ಕೆ ನಮ್ಮ ಬೀದಿ ದೀಪ ಉರಿಯುತ್ತದೆ. ಮೊದಲು ಅದನ್ನು ಆರಿಸಲಿ, ಆಮೇಲೆ ನಮಗೆ ಬುದ್ಧಿ ಹೇಳಲಿ.

ಶಕ್ತಿನಗರ ಬೂದಿ (ರಾಯಚೂರು)

ನಮ್ಮಲ್ಲೂ ಅದೇ ಹಾಡು. ಒಪ್ಪಿದೆ. ಆದರೆ ಎಲ್ಲಾ ನಾಟಕ ಅನ್ನುವುದೂ ಪೂರ್ತಿ ನಿಜ ಅಲ್ಲ. ಎಲ್‌ಇಡಿ ಬಲ್ಬ್ ನೆನಪಿದೆಯಾ? 2015ರ ಜನವರಿಯಲ್ಲಿ ಕೇಂದ್ರದ ಉಜಾಲಾ ಶುರುವಾಯಿತು, ಅದೇ ವರ್ಷದ ಕೊನೆಗೆ ನಮ್ಮಲ್ಲಿ 'ಹೊಸ ಬೆಳಕು' ಅಂತ ಹೆಸರಿಟ್ಟು ಕೊಟ್ಟರು. ಕರೆಂಟ್ ಬಿಲ್ ತೋರಿಸಿ ಕ್ಯೂ ನಿಂತು 9 ವ್ಯಾಟಿನ ಬಲ್ಬ್ ತಂದಿದ್ದೆವು. ಸರ್ಕಾರ ಒಟ್ಟಿಗೆ ಕೋಟಿಗಟ್ಟಲೆ ಬಲ್ಬಿಗೆ ಟೆಂಡರ್ ಕರೆದದ್ದಕ್ಕೆ ಖರೀದಿ ದರ 2014ರಲ್ಲಿ 310 ರೂಪಾಯಿ ಇದ್ದದ್ದು 2016ಕ್ಕೆ 38ಕ್ಕೆ ಇಳಿಯಿತು. ದೇಶದಲ್ಲಿ 36 ಕೋಟಿಗೂ ಜಾಸ್ತಿ ಬಲ್ಬ್ ಹಂಚಿದರು. ಇವತ್ತು ಕಿರಾಣಿ ಅಂಗಡಿಯಲ್ಲಿ ಹಳೇ 60 ವ್ಯಾಟಿನ ಬಲ್ಬ್ ಕೇಳಿದರೆ ನಗುತ್ತಾರೆ.

ಉಪದೇಶ ಕೇಳಿ ಯಾರೂ ಬಲ್ಬ್ ಬದಲಿಸಲಿಲ್ಲ. ಬೆಲೆ ಇಳಿದದ್ದಕ್ಕೆ ಬದಲಿಸಿದರು. ಫ್ಯಾನಿಗೂ ಅಷ್ಟೇ ಬೇಕಾಗಿರೋದು.

ಬಾಡಿಗೆ ಜೀವ (ಸಿಂಧನೂರು)

ಫ್ಯಾನ್ ಮನೆ ಮಾಲೀಕರದು, ಬಿಲ್ ನಮ್ಮದು. ಮಾಲೀಕರಿಗೆ ಕೇಳಿದರೆ "ತಿರುಗುತ್ತಲ್ಲ, ಇನ್ನೇನು" ಅನ್ನುತ್ತಾರೆ. ನಾವು ಹಾಕಿಸೋಣ ಅಂದರೆ ಹನ್ನೊಂದು ತಿಂಗಳ ಅಗ್ರಿಮೆಂಟ್. ಮನೆ ಬಿಡುವಾಗ ಫ್ಯಾನ್ ಬಿಚ್ಚಿಕೊಂಡು ಹೋದರೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ. ನಮಗೂ ಒಂದು ದಾರಿ ಹೇಳಿ.

ವೈರ್‌ಮನ್ (ಕೊಪ್ಪಳ)

ಹಳೇ ಫ್ಯಾನ್ ಬಿಚ್ಚಿ ಅಟ್ಟದಲ್ಲಿಡಿ, ಹೋಗುವಾಗ ಅದನ್ನೇ ಮತ್ತೆ ಹಾಕಿಕೊಟ್ಟು ನಿಮ್ಮದನ್ನು ಒಯ್ಯಿರಿ. ಬಿಚ್ಚುವ ಮುಂಚೆ ಮಾಲೀಕರಿಗೆ ಫೋಟೋ ಕಳಿಸಿ. ನನ್ನ ಗಿರಾಕಿಗಳು ಹೀಗೇ ಮಾಡುತ್ತಾರೆ.

ಭತ್ತದ ಕಣಜ (ಗಂಗಾವತಿ)

ತಡವಾಗಿ ಬಂದೆ, ಸೀಸನ್ ಕೆಲಸ. ಜೀನ್ಸ್ ಅಣ್ಣ ಮನೆ ಮೇಲೆ ಕೆಳಗೆ ಅಂದದ್ದು ಚೆನ್ನಾಗಿದೆ. ಕಾರ್ಖಾನೆಯಲ್ಲೂ ಮೇಲೆ ಕೆಳಗೆ ಇದೆ.

ದೊಡ್ಡ ಕಾರ್ಖಾನೆಗಳಿಗೆ ಕಾನೂನೇ ಇದೆ. 2001ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ಬಂತು. ಅದರ ಕೆಳಗೆ 2012ರಲ್ಲಿ 'ಪ್ಯಾಟ್' ಯೋಜನೆ ತಂದರು. ಉಕ್ಕು, ಸಿಮೆಂಟ್, ಥರ್ಮಲ್ ಪವರ್ ಸ್ಟೇಷನ್ ಅಂಥವರಿಗೆ ಇಷ್ಟು ಇಂಧನ ಇಳಿಸಲೇಬೇಕು ಅಂತ ಗುರಿ ಕೊಟ್ಟರು. ಗುರಿ ಮೀರಿ ಉಳಿಸಿದರೆ ಸರ್ಟಿಫಿಕೇಟ್ ಸಿಗುತ್ತಿತ್ತು, ಉಳಿಸಲು ಆಗದವನಿಗೆ ಅದನ್ನು ಮಾರಬಹುದಿತ್ತು. ಅವರಲ್ಲಿ ಆಡಿಟ್ ಮಾಡುವ ಮಂದಿ ಇರುತ್ತಾರೆ, ಅದಕ್ಕೇ ಅಂತ ಮ್ಯಾನೇಜರ್ ಇರುತ್ತಾನೆ.

ನಮ್ಮಂಥ ರೈಸ್ ಮಿಲ್ಲಿಗೆ? ನಾನೇ ಮಾಲೀಕ, ನಾನೇ ಗುಮಾಸ್ತ, ಮೋಟರ್ ಸುಟ್ಟರೆ ಓಡುವವನೂ ನಾನೇ. ಸುಟ್ಟ ಮೋಟರನ್ನು ಏನು ಮಾಡುತ್ತೇವೆ? ಒಳಗಿನ ತಂತಿ ಮತ್ತೆ ಸುತ್ತಿಸಲು ವೈಂಡಿಂಗ್‌ಗೆ ಕೊಡುತ್ತೇವೆ. ಎರಡು ದಿನದಲ್ಲಿ ಬರುತ್ತದೆ, ಮಿಲ್ ಓಡುತ್ತದೆ. ನಮ್ಮ 50 ಎಚ್‌ಪಿ ಮೋಟರಿಗೆ ನಾಲ್ಕು ಸಲ ವೈಂಡಿಂಗ್ ಆಗಿದೆ. ಅವಸರದ ವೈಂಡಿಂಗ್ ಆದರೆ ಪ್ರತಿ ಸಲವೂ ಶೇಕಡಾ ಒಂದೆರಡರಷ್ಟು ದಕ್ಷತೆ ಸೋರಿ ಹೋಗುತ್ತದೆ. 50 ಎಚ್‌ಪಿ ಅಂದರೆ 37 ಕಿಲೋವ್ಯಾಟ್. ಸೀಸನ್‌ನಲ್ಲಿ ದಿನಕ್ಕೆ 16 ಗಂಟೆ ಓಡುವ ಮೋಟರಿಗೆ ಶೇ. 4 ಸೋರಿದರೂ ದಿನಕ್ಕೆ 24 ಯೂನಿಟ್. ವೈರ್‌ಮನ್ ಅಣ್ಣ ಫ್ಯಾನಿನಲ್ಲಿ ಒಂದು ತಿಂಗಳು ಉಳಿಸಿದ್ದು ನಮ್ಮಲ್ಲಿ ಒಂದೇ ದಿನಕ್ಕೆ ಹೋಯಿತು!

ಇನ್ನು ಸಾರ್ಟೆಕ್ಸ್. ಕಪ್ಪು ಅಕ್ಕಿ, ಕಲ್ಲು ಆರಿಸುವ ಮಷೀನು, ಗಾಳಿ ಊದಿ ಕಾಳನ್ನು ಹಾರಿಸುತ್ತದೆ. ಅದಕ್ಕೆ ಕಂಪ್ರೆಸರ್ ಬೇಕು. ಕಳೆದ ವರ್ಷ ಮಿಲ್ ನಿಲ್ಲಿಸಿದ ಭಾನುವಾರ ಒಳಗೆ ಹೋದೆ. ಎಲ್ಲಾ ಮಷೀನು ಬಂದ್, ಕಂಪ್ರೆಸರ್ ಮಾತ್ರ ಆನ್ ಉಳಿದಿತ್ತು. ಹತ್ತು ನಿಮಿಷಕ್ಕೊಮ್ಮೆ ತಾನೇ ಎದ್ದು ಓಡುತ್ತಿತ್ತು. ಯಾರಿಗೆ ಗಾಳಿ ತುಂಬುತ್ತಿದೆ ಇದು ಅಂತ ಕಿವಿಗೊಟ್ಟು ನಡೆದೆ. ಮೂರು ಕಡೆ ಸುಯ್ ಅಂತ ಸದ್ದು. ಸೋಪಿನ ನೀರು ಹಚ್ಚಿದರೆ ಗುಳ್ಳೆ. ಮೂರು ಮಿಲಿಮೀಟರ್ ತೂತಿನಲ್ಲಿ 7 ಬಾರ್ ಗಾಳಿ ಸೋರಿದರೆ ಮೂರು ನಾಲ್ಕು ಕಿಲೋವ್ಯಾಟ್ ಸುಮ್ನೆ ಹೋಗುತ್ತದೆ. ಅಷ್ಟನ್ನೂ ಮುಚ್ಚಲು ಆದ ಖರ್ಚು 240 ರೂಪಾಯಿ. ಕ್ಲಿಪ್ಪು, ಟೇಪು, ಹೊಸ ಪೈಪಿನ ತುಂಡು. ಮಷೀನಿಗೆ ಆರು ಬಾರ್ ಸಾಕಾಗುತ್ತಿತ್ತು, ನಾವು ಏಳೂವರೆ ಇಟ್ಟಿದ್ದೆವು. ಒಂದು ಬಾರ್ ಇಳಿಸಿದರೆ ಕಂಪ್ರೆಸರ್ ಶೇ. 6-7 ಕಮ್ಮಿ ಕರೆಂಟ್ ತಿನ್ನುತ್ತದೆ.

ಇದನ್ನು ಹೇಳಿಕೊಡುವವರು ಹತ್ತು ವರ್ಷದಲ್ಲಿ ಒಬ್ಬರೂ ಮಿಲ್ಲಿಗೆ ಬಂದಿಲ್ಲ. ಪಿಎಫ್ (ಪವರ್ ಫ್ಯಾಕ್ಟರ್, ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬಂದ ಪಾಲು) ಕಮ್ಮಿಯಾಗಿದೆ, ದಂಡ ಕಟ್ಟಿ ಅಂತ ಬಂದಿದ್ದಾರೆ. ಕೆಪ್ಯಾಸಿಟರ್ ಹೋಗಿದೆ, ಹೀಗೆ ಸರಿ ಮಾಡಿಕೊಳ್ಳಿ ಅಂತ ಹೇಳಿದವರಿಲ್ಲ.

2025ರ ಜುಲೈನಲ್ಲಿ ಕೇಂದ್ರದವರು ಸಣ್ಣ ಕೈಗಾರಿಕೆಗೆ ಅಂತ 'ಅದಿತಿ' ಯೋಜನೆ ತಂದಿದ್ದಾರೆ, 1000 ಕೋಟಿ ರೂಪಾಯಿಯದು. ಕರೆಂಟ್ ಉಳಿಸುವ ಮಷೀನು ಹಾಕಲು ಸಾಲ ಮಾಡಿದರೆ ಅತಿ ಸಣ್ಣ, ಸಣ್ಣ ಘಟಕಗಳಿಗೆ ಬಡ್ಡಿಯಲ್ಲಿ ಶೇ. 5, ಮಧ್ಯಮ ಘಟಕಕ್ಕೆ ಶೇ. 3 ಅವರು ಭರಿಸುತ್ತಾರೆ. ಕನಿಷ್ಠ ಶೇ. 10 ಇಂಧನ ಉಳಿಯಬೇಕು ಅನ್ನೋದು ಷರತ್ತು. ಜವಳಿ, ಆಹಾರ ಸಂಸ್ಕರಣೆ ಎರಡೂ ಪಟ್ಟಿಯಲ್ಲಿವೆ. ಬ್ಯಾಂಕಿಗೆ ಹೋಗಿ ಕೇಳಿದೆ. ಅಲ್ಲಿನವರು ನನ್ನನ್ನೇ ಕೇಳಿದರು, "ಅದು ಯಾವ ಸ್ಕೀಮ್ ಸರ್, ಪೇಪರ್ ಇದ್ದರೆ ಕೊಡಿ."

ಕೌಲ್‌ಬಜಾರ್ ಜೀನ್ಸ್ (ಬಳ್ಳಾರಿ)

ಹ್ಹ ಹ್ಹ! ಬ್ಯಾಂಕಿನವರಿಗೆ ನೀವೇ ಕ್ಲಾಸ್ ತಗೊಳ್ಳಬೇಕಾಯಿತು. ನಾನು ಮೋಟರ್ ಹಾಕಿಸುವಾಗಲೇ ಈ ಸ್ಕೀಮ್ ಇದ್ದಿದ್ದರೆ ಚೀಟಿಯಲ್ಲಿ ಕಳೆದುಕೊಂಡ ದುಡ್ಡು ಉಳಿಯುತ್ತಿತ್ತು. ನಮ್ಮ ಓಣಿಯಲ್ಲಿ ಇನ್ನೂ ಅರ್ಧಕ್ಕರ್ಧ ಕ್ಲಚ್ ಮೋಟರೇ. ಪೀಸಿಗೆ ರೂಪಾಯಿ ಲೆಕ್ಕದಲ್ಲಿ ಬದುಕುವವರು ನಲವತ್ತು ಸಾವಿರ ಒಮ್ಮೆಲೇ ಎಲ್ಲಿಂದ ತರಬೇಕು. ಹತ್ತು ಜನ ಸೇರಿ ಒಟ್ಟಿಗೆ ಕೊಂಡರೆ ಮೋಟರ್ ಅಗ್ಗಕ್ಕೆ ಸಿಗುತ್ತದೆ, ಇದು ಬಲ್ಬಿನ ಪಾಠವೇ.

ಮಾಳಿಗೆ ಮನೆ (ಸಿರುಗುಪ್ಪ)

ಎಲ್ಲರೂ ಫ್ಯಾನ್, ಮೋಟರ್ ಅನ್ನುತ್ತಿದ್ದೀರಿ. ಛಾವಣಿ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಮನೆ ಕಟ್ಟಿಸುವ ಕೆಲಸದಲ್ಲಿದ್ದೇನೆ.

ನಮ್ಮ ಅಜ್ಜನದು ಮಣ್ಣಿನ ಮಾಳಿಗೆ. ಜಂತಿ, ಅದರ ಮೇಲೆ ಕಟ್ಟಿಗೆ, ಮೇಲೆ ಚೌಳು ಮಣ್ಣು, ದಪ್ಪ ಗೋಡೆ, ಮೇಲೊಂದು ಬೆಳಕಿಂಡಿ. ಮೇ ಮಧ್ಯಾಹ್ನವೂ ಒಳಗೆ ಮಲಗಬಹುದಿತ್ತು. ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿ ತುಳಿಯಬೇಕು, ಸೋರಿದರೆ ಪಾತ್ರೆ ಇಡಬೇಕು, ಆ ಗೋಳು ಗೊತ್ತಿದೆ. ಅದಕ್ಕೇ ಎಲ್ಲರೂ ಆರ್‌ಸಿಸಿ ಹಾಕಿದೆವು. ಈಗ ಐದಿಂಚಿನ ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹನ್ನೊಂದಕ್ಕೆ ನಮ್ಮ ಮೇಲೆ ಉಗುಳುತ್ತದೆ. ಆಮೇಲೆ ಎಂಥ ಫ್ಯಾನ್ ಹಾಕಿದರೂ ಬಿಸಿ ಗಾಳಿಯನ್ನೇ ತಿರುಗಿಸುತ್ತದೆ.

ಅಗ್ಗದ ದಾರಿ ಸುಣ್ಣ. ಮಾರ್ಚ್‌ನಲ್ಲಿ ಸ್ಲ್ಯಾಬ್ ಗುಡಿಸಿ, ತೊಳೆದು, ಸುಣ್ಣಕ್ಕೆ ಸ್ವಲ್ಪ ಅಂಟು ಕಲಸಿ ಎರಡು ಕೋಟ್ ಹೊಡೆಯಿರಿ. ಬಿಸಿಲು ವಾಪಸ್ ಹೋಗುತ್ತದೆ. ಮಧ್ಯಾಹ್ನ ಎರಡಕ್ಕೆ ಬರಿಗಾಲಲ್ಲಿ ಹತ್ತಿ ನಿಂತು ನೋಡಿ, ಹೊಡೆದ ಕಡೆ ನಿಲ್ಲಬಹುದು, ಹೊಡೆಯದ ಕಡೆ ಕುಣಿಯಬೇಕು. ಮಳೆಗೆ ಹೋಗುತ್ತದೆ, ಪ್ರತಿ ವರ್ಷ ಹೊಡೆಯಬೇಕು, ಸುಳ್ಳು ಹೇಳಲ್ಲ.

ಕೃಷ್ಣಾ ದಾಟಿದರೆ ತೆಲಂಗಾಣ. ಅವರು 2023ರಲ್ಲೇ ಕೂಲ್ ರೂಫ್ ನೀತಿ ತಂದರು. ಸರ್ಕಾರಿ ಕಟ್ಟಡ, ವಾಣಿಜ್ಯ ಕಟ್ಟಡಕ್ಕೆ ತಂಪು ಛಾವಣಿ ಕಡ್ಡಾಯ, 600 ಚದರ ಗಜಕ್ಕಿಂತ ಚಿಕ್ಕ ಜಾಗದ ಮನೆಗೆ ಐಚ್ಛಿಕ. ಕೇಂದ್ರದವರೂ 2018ರಲ್ಲಿ ಮನೆಗಳಿಗೆ ಇಕೋ ನಿವಾಸ್ ಸಂಹಿತೆ ಮಾಡಿದ್ದಾರೆ. ಗೋಡೆ, ಕಿಟಕಿ, ಛಾವಣಿ ಎಷ್ಟು ಬಿಸಿ ಒಳಗೆ ಬಿಡಬಹುದು ಅನ್ನೋ ಲೆಕ್ಕ ಅದರಲ್ಲಿದೆ. ನಾನು ಇಷ್ಟು ವರ್ಷ ಪ್ಲಾನ್ ಪಾಸ್ ಮಾಡಿಸಿದ್ದೇನೆ. ಸೆಟ್‌ಬ್ಯಾಕ್ (ಸುತ್ತ ಬಿಡುವ ಜಾಗ) ಕೇಳಿದ್ದಾರೆ, ಇನ್ನೂ ಏನೇನೋ ಕೇಳಿದ್ದಾರೆ. ಛಾವಣಿ ಎಷ್ಟು ಸುಡುತ್ತದೆ ಅಂತ ಒಬ್ಬರೂ ಕೇಳಿಲ್ಲ.

ಮಸ್ಕಿ ಅಕ್ಕ

ತಗಡಿಗೂ ಸುಣ್ಣ ನಿಲ್ಲುತ್ತದಾ ಅಣ್ಣಾ?

ಮಾಳಿಗೆ ಮನೆ (ಸಿರುಗುಪ್ಪ)

ಬರೀ ಸುಣ್ಣ ನಿಲ್ಲಲ್ಲ ಅಕ್ಕಾ, ಉದುರುತ್ತದೆ. ತಗಡಿಗೆ ಬಿಳಿ ಕೂಲ್ ರೂಫ್ ಪೇಂಟ್ ಬರುತ್ತದೆ. ಅಷ್ಟು ದುಡ್ಡು ಬೇಡ ಅಂದರೆ ಮೇಲೆ ಜೋಳದ ದಂಟು, ಭತ್ತದ ಹುಲ್ಲು ಹಾಸುತ್ತಾರೆ, ಆದರೆ ಬೆಂಕಿ ಭಯ. ಒಳಗಡೆ ತಗಡಿನಿಂದ ಒಂದಡಿ ಬಿಟ್ಟು ಈಚಲ ಚಾಪೆ ಕಟ್ಟಿಸಿ. ಅವ್ವನಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಹೊಸಪೇಟೆ ರಸ್ತೆ

ಇಷ್ಟೆಲ್ಲಾ ಯಾಕೆ, ಎಲ್ಲರೂ ಸೋಲಾರ್ ಹಾಕಿಸಿ. ಕೇಂದ್ರದ ಸೂರ್ಯಘರ್ ಸೋಲಾರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ಸಬ್ಸಿಡಿ ಇದೆಯಲ್ಲ.

ವೈರ್‌ಮನ್ (ಕೊಪ್ಪಳ)

ಇದೆ. ಉಳಿದ ಲಕ್ಷದ ಹತ್ತಿರದ ದುಡ್ಡು ನೀವು ಹಾಕಬೇಕು. ಸೊನ್ನೆ ಬಿಲ್‌ನವನು ಯಾಕೆ ಹಾಕುತ್ತಾನೆ? ತಿರುಗಿ ಅಣ್ಣನ ಮೊದಲ ಪ್ರಶ್ನೆಗೇ ಬಂದೆವು. ಒಬ್ಬರು ಸೋಲಾರ್ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಬಿಲ್ ಬೇಡ ಅನ್ನುತ್ತಾರೆ. ಇಬ್ಬರೂ ಕೂತು ಮಾತಾಡಿಲ್ಲ.

ಕೌಲ್‌ಬಜಾರ್ ಜೀನ್ಸ್ (ಬಳ್ಳಾರಿ)

ರಾತ್ರಿ ಕೂತು ಲೆಕ್ಕ ಹಾಕಿದೆ, ತಪ್ಪಿದ್ದರೆ ತಿದ್ದಿ.

ನನ್ನ ಮೇಲಿನ ಮನೆಯ ಸರಾಸರಿ 118, ಶೇ. 10 ಸೇರಿ 130 ಯೂನಿಟ್ ಪುಕ್ಕಟೆ. ಫ್ಯಾನ್ ಬದಲಿಸಿ ನಾನು 80ಕ್ಕೆ ಇಳಿಸಿದರೆ ನನಗೆ ಲಾಭ ಇಲ್ಲ. ಸರ್ಕಾರಕ್ಕೆ 50 ಯೂನಿಟ್ ಉಳಿಯಿತು. ನಾನು ಖರ್ಚು ಮಾಡಬೇಕು, ಅವರು ಉಳಿಸಬೇಕು, ಇದು ನಡೆಯುವ ವ್ಯಾಪಾರ ಅಲ್ಲ. ಮೇಲಾಗಿ ಜನರಿಗೆ ಒಂದು ಅನುಮಾನ. ಕಮ್ಮಿ ಬಳಸಿದರೆ ಮುಂದೆ ಸರಾಸರಿ ಮತ್ತೆ ಲೆಕ್ಕ ಹಾಕಿ ನಮ್ಮ ಪಾಲು ಇಳಿಸಿಬಿಟ್ಟರೆ? ನಮ್ಮ ಪಕ್ಕದ ಮನೆಯವರು ಇದೇ ಭಯಕ್ಕೆ ಬೇಕಂತಲೇ ದೀಪ ಉರಿಸುತ್ತಾರೆ, ನಿಜ ಹೇಳುತ್ತಿದ್ದೇನೆ.

ಪಂಜಾಬಿನಲ್ಲಿ 2018ರಲ್ಲಿ ಹೊಲದ ಪಂಪಿಗೆ ಒಂದು ಯೋಜನೆ ತಂದರು. ಅಲ್ಲಿಯ ರೈತರಿಗೆ ಕರೆಂಟ್ ಪುಕ್ಕಟೆಯೇ. ಸೇರಿಕೊಂಡವರಿಗೆ ಇಂತಿಷ್ಟು ಯೂನಿಟ್ ಅಂತ ಲೆಕ್ಕ, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್‌ಗೆ 4 ರೂಪಾಯಿ ರೈತನ ಖಾತೆಗೆ. ಪುಕ್ಕಟೆಯನ್ನು ಕಿತ್ತುಕೊಳ್ಳಲಿಲ್ಲ, ಉಳಿಸಿದವನಿಗೆ ಪಾಲು ಕೊಟ್ಟರು. ಅದನ್ನೇ ನಮ್ಮ ಮನೆಗೆ ತರಲಿ. ಉಳಿಸಿದ ಯೂನಿಟ್‌ನ ದುಡ್ಡು ಕೈಗೆ ಬೇಡ, ಫ್ಯಾನಿನ ಕಂತಿಗೆ ಹೋಗಲಿ. ಒಂದು ಫ್ಯಾನು ವರ್ಷಕ್ಕೆ ಎಂಟು ತಿಂಗಳು ಜೋರಾಗಿ ಓಡಿದರೂ 190 ಯೂನಿಟ್ ಉಳಿಸುತ್ತದೆ. 4 ರೂಪಾಯಿಯಂತೆ 760. ಮೂರೂವರೆ ವರ್ಷದಲ್ಲಿ ಫ್ಯಾನ್ ನಮ್ಮದು. ಅಷ್ಟೊತ್ತಿಗೆ ಬೋರ್ಡ್ ಸುಡದಿದ್ದರೆ!

ಮಸ್ಕಿ ಅಕ್ಕ

ಇದಕ್ಕೆ ನಾನೂ ಸಹಿ ಹಾಕುತ್ತೇನೆ. ಒಂದೇ ಷರತ್ತು. ಮೊದಲು ತಗಡಿನ ಮನೆಯಿಂದ ಶುರು ಮಾಡಿ, ಎಸಿ ಮನೆಯಿಂದ ಅಲ್ಲ.

ಭತ್ತದ ಕಣಜ (ಗಂಗಾವತಿ)

ಎಸಿ ಅಂದದ್ದಕ್ಕೆ ನೆನಪಾಯಿತು. 2020ರಿಂದ ಸ್ಟಾರ್ ಇರುವ ಎಸಿ ಆನ್ ಮಾಡಿದರೆ 24 ಡಿಗ್ರಿಯಲ್ಲೇ ಶುರುವಾಗಬೇಕು ಅನ್ನೋ ನಿಯಮ ಇದೆ. ನಮ್ಮ ಮಗ ರಿಮೋಟ್ ಹಿಡಿದ ಮರುಕ್ಷಣ 18. ಆಮೇಲೆ ರಗ್ಗು ಹೊದ್ದು ಮಲಗುತ್ತಾನೆ.

ಕೌಲ್‌ಬಜಾರ್ ಜೀನ್ಸ್ (ಬಳ್ಳಾರಿ)

ಮೂರು ವಾರ ಆಯಿತು, ಅಪ್ಡೇಟ್ ಕೊಡುತ್ತೇನೆ. ನಾಚಿಕೆಯಾಗಿ ಎರಡು ಬಿಎಲ್‌ಡಿಸಿ ತಂದೆ. ಹಾಲಿಗೊಂದು, ಅಮ್ಮನ ಕೋಣೆಗೊಂದು. ಸಿರುಗುಪ್ಪದ ಅಣ್ಣ ಹೇಳಿದಂತೆ ಸುಣ್ಣವೂ ಹೊಡೆಸಿದೆ. ಅಮ್ಮನಿಗೆ ರಿಮೋಟ್ ಕಂಡರೆ ಆಗುತ್ತಿಲ್ಲ. ಎರಡನ್ನೂ ಟಿವಿ ರಿಮೋಟ್ ಜೊತೆ ಒಂದೇ ಡಬ್ಬಿಯಲ್ಲಿಟ್ಟು, ಫ್ಯಾನ್ ಆರಿಸಲು ಹೋಗಿ ಸೀರಿಯಲ್ ಬದಲಿಸುತ್ತಾಳೆ. ಮೀಟರ್ ಬರೆದಿಟ್ಟುಕೊಂಡಿದ್ದೇನೆ, ದಿನಕ್ಕೆ ಒಂದೂವರೆ ಯೂನಿಟ್ ಇಳಿದಿದೆ.

ವೈರ್‌ಮನ್ (ಕೊಪ್ಪಳ)

ಒಳ್ಳೇದಾಯಿತು. ಹಳೇ ಫ್ಯಾನ್ ಎರಡೂ ಗುಜರಿಗೆ ಹಾಕಿದಿರಾ? ಒಳಗೆ ತಾಮ್ರ ಇರುತ್ತದೆ, ತೂಕಕ್ಕೆ ಒಳ್ಳೇ ರೇಟ್ ಬರುತ್ತದೆ.

ಕೌಲ್‌ಬಜಾರ್ ಜೀನ್ಸ್ (ಬಳ್ಳಾರಿ)

ಅದೇ ನೋಡಿ. ಬಿಚ್ಚಿ ಕೆಳಗಿಟ್ಟಿದ್ದೆ. ತಂಗಿ ಸಂಡೂರಿನಿಂದ ಬಂದಳು, "ಇಷ್ಟು ಚೆನ್ನಾಗಿ ತಿರುಗುತ್ತವೆ, ಗುಜರಿಗೆ ಹಾಕುತ್ತಾರಾ ಯಾರಾದರೂ" ಅಂತ ಎರಡನ್ನೂ ಬಸ್ಸಿಗೆ ಹಾಕಿಕೊಂಡು ಹೋದಳು.

ವೈರ್‌ಮನ್ (ಕೊಪ್ಪಳ)

ಅವರ ಮನೆಯಲ್ಲಿ ಹಾಕಿದ್ದಾರಾ?

ಕೌಲ್‌ಬಜಾರ್ ಜೀನ್ಸ್ (ಬಳ್ಳಾರಿ)

ಹಾಕಿದ್ದಾರೆ. ಅವರದೂ ಸೊನ್ನೆ ಬಿಲ್.